ಒಂದೇ ಅಕ್ಕಿ, ಎರಡು ಹೊಟ್ಟೆ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ನನಗೆ ಬೆಳಿಗ್ಗೆ ಸರಿಯಾಗಿ ಆಗುವುದಿಲ್ಲ. ಏನು ಆಗುವುದಿಲ್ಲ ಎಂದು ಐವತ್ತು ದಾಟಿದ ಯಾರೂ ಕೇಳುವುದಿಲ್ಲ. ಅದಕ್ಕಿಂತ ಚಿಕ್ಕವರು ಕೇಳಿದರೆ, ಸ್ವಲ್ಪ ವರ್ಷ ಕಾಯಿರಿ ಎನ್ನುತ್ತೇನೆ. ದಿನದ ಮೊದಲ ಕೆಲಸವೇ ಕೈಕೊಟ್ಟರೆ ಉಳಿದ ದಿನ ಹೇಗಿರುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. ಪೇಪರು ಬಿಚ್ಚಿದರೆ ದೇಶದ ಸುದ್ದಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಹೆಂಡತಿ ಮಾಡಿದ ಚಹಾ ಕಹಿಯೆನ್ನಿಸುತ್ತದೆ. ರಸ್ತೆಯಲ್ಲಿ ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಎನ್ನಿಸುತ್ತದೆ. ಮನುಷ್ಯನ ಸ್ವಭಾವ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರಲ್ಲಿ ಅರ್ಧ ಪಾಲು ದೊಡ್ಡ ಕರುಳಿನದು ಎಂಬುದು ನನ್ನ ಇತ್ತೀಚಿನ ನಂಬಿಕೆ.

ಹೊನ್ನಾವರದ ಬಜಾರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಬೆಳಿಗ್ಗೆ ಶಟರ್ ಎತ್ತಿ ಕುಳಿತರೆ ಊಟಕ್ಕೊಮ್ಮೆ ಎದ್ದು, ಮತ್ತೆ ಕುಳಿತು, ಸಂಜೆ ಶಟರ್ ಎಳೆಯಲು ಏಳುವ ಉದ್ಯೋಗ. ಅಂಗಡಿಗೆ ಬರುವವರು ತಮ್ಮ ಕಣ್ಣಿನ ಕತೆಯನ್ನು ಇಡೀ ಬಜಾರಿಗೆ ಕೇಳುವಂತೆ ಹೇಳುತ್ತಾರೆ. “ಎಡಗಣ್ಣು ಪೂರಾ ಮಂಜು ಮಾರಾಯ್ರೆ, ಬಸ್ಸಿನ ಬೋರ್ಡು ಓದೂಕೆ ಆಗುದಿಲ್ಲ” ಎಂದು ಒಬ್ಬರು ಶುರು ಮಾಡಿದರೆ, ಪಕ್ಕದಲ್ಲಿ ಕುಳಿತ ಅಪರಿಚಿತರು ತಮ್ಮ ಬಲಗಣ್ಣಿನ ವಿಚಾರ ತೆಗೆಯುತ್ತಾರೆ. ಕಣ್ಣು ಮಂದವಾಗುವುದರಲ್ಲಿ ಒಂದು ಘನತೆ ಇದೆ. ಓದಿ ಓದಿ ಹೀಗಾಯಿತು ಎನ್ನಬಹುದು, ಒಂದು ಪುಸ್ತಕ ಓದದಿದ್ದರೂ. ಕರುಳು ಮಂದವಾಗುವುದರಲ್ಲಿ ಯಾವ ಘನತೆಯೂ ಇಲ್ಲ. ಅದರ ಬಗ್ಗೆ ಮಾತಾಡಲು ನಮ್ಮಲ್ಲಿ ಸರಿಯಾದ ಮಾತೂ ಇಲ್ಲ. ಚಿಕ್ಕಂದಿನಲ್ಲಿ ಹಿರೇಗುತ್ತಿಯಲ್ಲಿ ನಾವು “ಗುಡ್ಡೆಗೆ ಹೋಗಿ ಬರ್ತೆ” ಎನ್ನುತ್ತಿದ್ದೆವು. ಈಗ ಆ ಗುಡ್ಡೆಯ ಅರ್ಧ ಭಾಗ ಹೆದ್ದಾರಿಯ ಅಗಲೀಕರಣಕ್ಕೆ ಹೋಗಿದೆ. ನಮ್ಮ ಹೋಗಿ ಬರುವುದೂ ಮೊದಲಿನಷ್ಟು ಸಲೀಸಾಗಿಲ್ಲ.

ನನ್ನ ಮುಖ ನೋಡಿ ನೋಡಿ ಸಾಕಾಗಿ ಹೆಂಡತಿ ಸುಮತಿ ಒಂದು ದಿನ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ, ದಿನಾ ಏನು ತಿನ್ನುತ್ತೀರಿ ಎಂದು ಕೇಳಿದರು. ಇಡ್ಲಿ, ಬಿಳಿ ಅನ್ನ, ಹೋಟೆಲಿನ ಬನ್ಸು, ಚಹಾದಲ್ಲಿ ಅದ್ದಿದ ಖಾರಿ ಬಿಸ್ಕೀಟು ಎಂದೆ. ಹೇಳುತ್ತ ಹೋದಂತೆ ನನಗೇ ಅನುಮಾನ ಬಂತು, ಎಲ್ಲವೂ ಬಿಳಿ, ಎಲ್ಲವೂ ಮೆತ್ತಗೆ, ಹಲ್ಲಿಲ್ಲದವನ ಊಟ.

“ಸಣ್ಣಿರುವಾಗ ಎಂತ ತಿಂತಿದ್ರಿ?” ಎಂದರು.

“ಕೆಂಪಕ್ಕಿ ಗಂಜಿ.”

“ಆಗ ತೊಂದ್ರೆ ಇತ್ತಾ?”

ಯೋಚಿಸಿದೆ. ಆಗ ಇದ್ದ ಒಂದೇ ತೊಂದರೆ ಗಂಜಿ ಸಾಲುತ್ತಿರಲಿಲ್ಲ ಎಂಬುದು. ಇಲ್ಲ ಎಂದೆ. “ಹಂಗಾರೆ ಮತ್ತೆ ಅದ್ನೇ ತಿನ್ನಿ” ಎಂದು ಅವರು ಮುಂದಿನವರನ್ನು ಕರೆದರು. ಮನೆಗೆ ಬರುವಾಗ ಸುಮತಿ ಗೆದ್ದವಳಂತೆ ನಡೆಯುತ್ತಿದ್ದಳು. ನನಗೆ ಮಾತ್ರ ಏನೋ ಕಸಿವಿಸಿ. ಜೀವನದಲ್ಲಿ ಇಷ್ಟು ದೂರ ನಡೆದು ಬಂದದ್ದು ಮತ್ತೆ ಅದೇ ಮಡಕೆಯ ಹತ್ತಿರ ಹೋಗಿ ಕೂರುವುದಕ್ಕೆ ಎಂದಾದರೆ ಯಾರಿಗೆ ಖುಷಿಯಾಗುತ್ತದೆ?

ಆ ಮಡಕೆಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಹಿರೇಗುತ್ತಿಯ ಗದ್ದೆಗಳು ಗಜನಿ ಗದ್ದೆಗಳು, ಅಂದರೆ ಅಘನಾಶಿನಿಯ ಉಪ್ಪುನೀರು ಹತ್ತಿ ಇಳಿಯುವ ತಗ್ಗು ಭೂಮಿ. ಅಲ್ಲಿ ಬೇರೆ ಭತ್ತ ಬದುಕುವುದಿಲ್ಲ. ಕಗ್ಗ ಎಂಬ ಒಂದು ಭತ್ತ ಮಾತ್ರ ಉಪ್ಪಿಗೂ ನೆರೆಗೂ ಹೆದರದೆ ಆಳೆತ್ತರ ನಿಲ್ಲುತ್ತದೆ. ಗೊಬ್ಬರ ಕೇಳುವುದಿಲ್ಲ, ಔಷಧ ಕೇಳುವುದಿಲ್ಲ. ಅದರ ಅಕ್ಕಿ ಕೆಂಪು, ದಪ್ಪ, ಬೇಗ ಬೇಯದ ಹಟಮಾರಿ. ಭತ್ತವನ್ನು ಕುದಿಸಿ ಒಣಗಿಸಿ ಗಿರಣಿಯಲ್ಲಿ ಹೊಟ್ಟು ಮಾತ್ರ ತೆಗೆಸುತ್ತಿದ್ದರು, ಮೇಲಿನ ಕೆಂಪು ಹಾಗೇ ಇರುತ್ತಿತ್ತು. ನಮ್ಮ ಆಯಿ, ಅಂದರೆ ಅಮ್ಮ, ಬೆಳಗಿನ ಜಾವ ಇಟ್ಟ ಮಡಕೆ ನಾವು ಹಲ್ಲುಜ್ಜಿ ಬರುವ ಹೊತ್ತಿಗೆ ಗದಗದ ಎನ್ನುತ್ತಿತ್ತು. ಒಂದು ಹರಳು ಉಪ್ಪು, ಕೆಂಡದಲ್ಲಿ ಸುಟ್ಟ ಒಣಮೀನು. ನಾನು ಮತ್ತು ಅಕ್ಕ ಗಿರಿಜೆ ಒಂದೇ ಮಡಕೆಯ ಎರಡು ಬದಿಗೆ ಕೂತು ಉಂಡವರು. ಗಂಜಿಯ ಅಗುಳನ್ನು ಜಗಿಯದೆ ನುಂಗಿದರೆ ಅಕ್ಕ ನನ್ನ ತಲೆಗೆ ಮೊಟಕುತ್ತಿದ್ದಳು.

ಮುಂದೆ ಕುಮಟೆಯ ಹೈಸ್ಕೂಲಿಗೆ ಸೇರಿದಾಗ ಪೇಟೆಯ ಹುಡುಗರ ಡಬ್ಬಿಯಲ್ಲಿ ಬಿಳಿ ಅನ್ನ, ನನ್ನದರಲ್ಲಿ ಕೆಂಪು. ನನ್ನ ಡಬ್ಬಿಯ ಮುಚ್ಚಳ ಪೂರ್ತಿ ತೆರೆಯುತ್ತಲೇ ಇರಲಿಲ್ಲ. ಬಿಳಿ ಅನ್ನ ಎಂದರೆ ಮದುವೆ, ಬಿಳಿ ಅನ್ನ ಎಂದರೆ ನೆಂಟರು, ಬಿಳಿ ಅನ್ನ ಎಂದರೆ ತಿಂಗಳ ಸಂಬಳ. ಕರಾವಳಿಯ ಒಂದು ತಲೆಮಾರು ಹೀಗೆ ಕೆಂಪಿನಿಂದ ಬಿಳಿಗೆ ನಡೆದು ಹೋಯಿತು, ನಡೆದದ್ದು ಮುಂದಕ್ಕೆ ಎಂದು ತಿಳಿದು. ಈಗ ನೋಡಿದರೆ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಬಿಸ್ಕೀಟಿನ ಪೊಟ್ಟಣದ ಮೇಲೂ ‘ನಾರಿನಂಶವುಳ್ಳದ್ದು’ ಎಂದು ಹೊಳೆಯುವ ಅಕ್ಷರ. ಮೊದಲು ತೌಡೆಂದು ತೆಗೆದು ದನಕ್ಕೆ ಹಾಕಿದ್ದನ್ನು ಮತ್ತೆ ಸೇರಿಸಿ ಮನುಷ್ಯನಿಗೆ ಮಾರುತ್ತಾರೆ, ಮನುಷ್ಯ ಕೊಳ್ಳುತ್ತಾನೆ. ನಾನೂ ಕೊಂಡೆ. ಬಿಸ್ಕೀಟು ಚೆನ್ನಾಗಿತ್ತು, ಅಂದಮೇಲೆ ಅದರಲ್ಲಿ ನಾರು ಹೆಚ್ಚಿಗೇನೂ ಇದ್ದಿರಲಾರದು.

ಡಾಕ್ಟರು ಹೇಳಿದ್ದನ್ನು ಸುಮ್ಮನೆ ಮಾಡಿಬಿಡುವ ಜಾತಿ ನನ್ನದಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲಿ ಕೂತು ಈ ನಾರಿನ ಬಗ್ಗೆ ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಓದಿದೆ. ಓದಿದ ಹಾಗೆ ಬೆರಗೂ ಆಯಿತು, ಸ್ವಲ್ಪ ಬೇಸರವೂ ಆಯಿತು. ನಮ್ಮ ಹೊಟ್ಟೆ ಅನ್ನವನ್ನು ಸಕ್ಕರೆ ಮಾಡುತ್ತದೆ, ಮೀನನ್ನು ಕರಗಿಸುತ್ತದೆ, ಎಣ್ಣೆಯನ್ನೂ ಬಿಡುವುದಿಲ್ಲ. ಕಾಳಿನ ಮೇಲಿನ ಆ ಕೆಂಪು ಪದರಿನ ನಾರು ಬಂತೆಂದರೆ ಮಾತ್ರ ಕೈಚೆಲ್ಲಿ ಕೂರುತ್ತದೆ. ಅದು ಅರಗುವುದೇ ಇಲ್ಲ. ಅರಗದ್ದರಿಂದಲೇ ಉಪಯೋಗ. ನೀರು ಹೀರಿಕೊಂಡು ಉಬ್ಬಿ, ಕರುಳಿನ ಗೋಡೆಯನ್ನು ತಟ್ಟಿ ಎಬ್ಬಿಸಿ, ಮುಂದಿರುವುದನ್ನು ನೂಕಿಕೊಂಡು ಹೊರಡುತ್ತದೆ. ಇನ್ನೊಂದು ಬಗೆಯ ನಾರು ದೊಡ್ಡ ಕರುಳು ತಲುಪಿದ ಮೇಲೆ ಅಲ್ಲಿ ಬಿಡಾರ ಹೂಡಿರುವ ಕೋಟ್ಯಂತರ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ಅವು ಉಂಡು ಬಿಟ್ಟದ್ದರಿಂದ ಕರುಳಿನ ಒಳಗೋಡೆಗೆ ಆಹಾರ ಸಿಗುತ್ತದೆಯಂತೆ. ಅಂದರೆ ನಾವು ತಿನ್ನುವುದೆಲ್ಲ ನಮಗಲ್ಲ. ಒಂದಿಷ್ಟನ್ನು ಬೇರೆಯವರಿಗಾಗಿ ತಿನ್ನುತ್ತೇವೆ, ಅವರು ಚೆನ್ನಾಗಿದ್ದರೆ ನಾವು ಚೆನ್ನಾಗಿರುತ್ತೇವೆ.

ಓದಿದ್ದರಲ್ಲಿ ಒಂದು ವಾಕ್ಯವನ್ನು ನಾನು ಸರಿಯಾಗಿ ಗಮನಿಸಿರಲಿಲ್ಲ. ತೌಡು ತೆಗೆಯದ ಇಡಿಗಾಳು ತಿನ್ನುವವರು ನಿಧಾನವಾಗಿ ಹೆಚ್ಚಿಸುತ್ತ ಹೋಗಬೇಕು, ಜೊತೆಗೆ ಧಾರಾಳ ನೀರು ಕುಡಿಯಬೇಕು ಎಂಬ ವಾಕ್ಯ ಅದು. ನಾನು ಮೊದಲ ದಿನವೇ ಮೂರು ಹೊತ್ತೂ ಕೆಂಪಕ್ಕಿ ಉಂಡು, ನೀರು ಕುಡಿದರೆ ಅಂಗಡಿ ಬಿಟ್ಟು ಏಳಬೇಕಾಗುತ್ತದೆ ಎಂದು ಕುಡಿಯದೆ ಕೂತೆ. ಕರುಳಿನ ಬಿಡಾರದವರಿಗೆ ಎಷ್ಟೋ ವರ್ಷಗಳ ಮೇಲೆ ಹಬ್ಬದೂಟ. ಒಬ್ಬ ಬ್ಯಾಂಕ್ ಮ್ಯಾನೇಜರರ ಕಿವಿಗೆ ಫ್ರೇಮು ಕೂರಿಸಿ ನೋಡುತ್ತಿದ್ದಾಗ ನನ್ನ ಹೊಟ್ಟೆಯೊಳಗೆ ಆದ ಗುಡುಗನ್ನು ಅವರು ಹೊರಗಿನದೆಂದು ತಿಳಿದು “ಮಳೆ ಬರುವ ಹಾಗಿದೆ” ಎಂದರು. ಹೊರಗೆ ಕೆಂಡದಂಥ ಬಿಸಿಲು. ಹೌದು ಎಂದೆ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ನಗುವ ಕತೆಯಾಗುತ್ತಿತ್ತು. ಆದರೆ ಆ ವರ್ಷವೇ ಅಕ್ಕನಿಗೂ ಹೊಟ್ಟೆಯ ತೊಂದರೆ ಶುರುವಾಯಿತು.

ಅಕ್ಕನನ್ನು ಕೊಟ್ಟದ್ದು ಭಟ್ಕಳದ ಮುಟ್ಟಳ್ಳಿಗೆ. ಮಂಜಪ್ಪ ಭಾವನದು ಗದ್ದೆ, ತೆಂಗಿನ ತೋಟ. ಮಗ ಭಟ್ಕಳ ಪೇಟೆಯಲ್ಲಿ ಬಟ್ಟೆಯಂಗಡಿಯ ಕೆಲಸಕ್ಕೆ ಹೋಗುತ್ತಾನೆ, ಸೊಸೆ ಅಂಗನವಾಡಿಗೆ. ತುಂಬಿದ ಮನೆ. ಅಕ್ಕನಿಗೆ ಹಿಂದೆ ಯಾವಾಗಲೋ ಕರುಳಿನ ಕ್ಷಯವಾಗಿತ್ತು, ಔಷಧ ತೆಗೆದುಕೊಂಡು ಗುಣವಾಗಿ ನಾವೆಲ್ಲ ಮರೆತೂ ಬಿಟ್ಟಿದ್ದೆವು. ಕರುಳು ಮರೆತಿರಲಿಲ್ಲ. ಊಟವಾದ ಮೇಲೆ ಹೊಟ್ಟೆ ಹಿಂಡುವುದು, ವಾಂತಿ, ಎರಡು ದಿನ ಉಪವಾಸ ಬಿದ್ದರೆ ಸರಿಯಾಗುವುದು. ಹೀಗೇ ನಡೆದು, ಕೊನೆಗೆ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಳೆಯ ಗಾಯ ಮಾಗಿದ ಜಾಗದಲ್ಲಿ ಸಣ್ಣ ಕರುಳು ಬಿಗಿದುಕೊಂಡು ಕಿರಿದಾಗಿದೆ ಎಂದರು. ಕೊಯ್ದು ಸರಿ ಮಾಡೋಣವೆಂದರೆ ಅವಳ ಹೃದಯಕ್ಕೆ ಆ ಶಕ್ತಿ ಇಲ್ಲ ಎಂದೂ ಹೇಳಿದರು.

ಆ ಡಾಕ್ಟರು ಒಳ್ಳೆಯವರು, ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ನಮಗೆ ಅರ್ಥವಾದದ್ದು ಗಜನಿಯ ಕಟ್ಟೆಯ ಲೆಕ್ಕದಲ್ಲಿ. ಕಟ್ಟೆಗೆ ಹಲಗೆಯ ಬಾಗಿಲು ಇರುತ್ತದೆ, ಇಳಿತದ ಹೊತ್ತಿಗೆ ಎತ್ತಿದರೆ ನೀರು ಹೊಳೆಗೆ ಹೋಗುತ್ತದೆ. ಬಾಗಿಲು ಪೂರ್ತಿ ತೆರೆದಿದ್ದರೆ ಹುಲ್ಲು, ಕಸ, ಎಲ್ಲ ಕೊಚ್ಚಿಕೊಂಡು ಹೋಗುತ್ತದೆ. ಬಾಗಿಲು ಅಂಗೈಯಷ್ಟೇ ಎದ್ದು ಕಚ್ಚಿಕೊಂಡರೆ ಅದೇ ಹುಲ್ಲು ಅಲ್ಲಿ ಸಿಕ್ಕಿ ನೀರನ್ನೂ ತಡೆಯುತ್ತದೆ. ಅಕ್ಕನಿಗೆ ಇನ್ನು ನಾರು ಕೂಡದು. ಕೆಂಪಕ್ಕಿ, ರಾಗಿ, ಸೊಪ್ಪು, ಸಿಪ್ಪೆ ಇರುವ ಬೇಳೆ ಯಾವುದೂ ಇಲ್ಲ. ಚೆನ್ನಾಗಿ ಬೆಂದ ಬಿಳಿ ಅನ್ನ, ಸೋಸಿದ ಸಾರು, ಮುಳ್ಳು ತೆಗೆದ ಮೀನು. ಮೂರು ತಿಂಗಳಿಗಲ್ಲ, ಇನ್ನು ಮುಂದೆ ಯಾವಾಗಲೂ.

ಮನೆಗೆ ಬಂದ ಮೇಲೆ ಅಕ್ಕ ಫೋನು ಮಾಡಿದಳು. “ತಮಾ, ನಿಂಗೆ ಡಾಕ್ಟರು ಎಂತ ತಿನ್ನೂಕೆ ಹೇಳಿದ್ದು?”

ನಾನು ತಡವರಿಸಿದೆ. “ಕೆಂಪಕ್ಕಿ.”

“ಒಂದೇ ಮಡಕೆ ಗಂಜಿ ಉಂಡವ್ರು ನಾವು. ನಿಂಗೆ ಔಷಧ ಆದದ್ದು ನಂಗೆ ವಿಷ ಹ್ಯಾಂಗೆ ಆತು ಮಾರಾಯಾ?” ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಕಾಳು ಅದೇ, ಅದರ ಗುಣವೂ ಅದೇ. ನನ್ನೊಳಗೆ ನೂಕುವುದೇ ಅವಳೊಳಗೆ ಕಟ್ಟುತ್ತದೆ. ಇದು ನ್ಯಾಯವೋ ಅನ್ಯಾಯವೋ ಎಂದು ಯಾರನ್ನು ಕೇಳುವುದು?

ಅಕ್ಕನಿಗೆ ಅಂಗಡಿಯ ಬಿಳಿ ಅಕ್ಕಿ ಸೇರಲಿಲ್ಲ. ಹಟವಲ್ಲ ಅದು. ಬಾಯಿಗಿಟ್ಟರೆ ಎಳನೀರು ಬೋಂಡದ ಒಳಗಿನ ಗಂಜಿಯಂತೆ ಜಾರುತ್ತದೆ, ಉಂಡೆ ಎಂದು ಹೊಟ್ಟೆಗೆ ಗೊತ್ತೇ ಆಗುವುದಿಲ್ಲ ಎನ್ನುತ್ತಿದ್ದಳು. ಎರಡು ತುತ್ತು ಉಂಡು ತಟ್ಟೆ ಸರಿಸುವಳು. ಕೈಬಳೆ ಮೊಣಕೈ ತನಕ ಜಾರತೊಡಗಿತು. ಭಾವನಿಗೆ ನೋಡಲಾಗಲಿಲ್ಲ. ನಮ್ಮ ಕಡೆ ಗಂಜಿ ಎಂದರೆ ಯಾರಿಗೂ ಕೇಡು ಮಾಡದ ಊಟ. ಜ್ವರ ಬಂದವರಿಗೆ ಗಂಜಿ, ಹೆತ್ತವಳಿಗೆ ಗಂಜಿ, ಹಲ್ಲು ಮೂಡದ ಕೂಸಿಗೆ ಹಿಸುಕಿದ ಗಂಜಿ. ಡಾಕ್ಟರು ಬೇಡ ಎಂದದ್ದು ಕೆಂಪಕ್ಕಿಯ ಗಟ್ಟಿ ಅನ್ನಕ್ಕೆ, ನುಣ್ಣಗೆ ಬೆಂದ ಗಂಜಿಗೆ ಯಾರು ತಾನೇ ಬೇಡ ಎಂದಾರು ಎಂದು ಅವನು ನಂಬಿದ. ಸೊಸೆ ಕೆಲಸಕ್ಕೆ ಹೋದ ಮೇಲೆ ತಾನೇ ಕೆಂಪಕ್ಕಿ ತೊಳೆದು, ಅರ್ಧ ದಿನ ಬೇಯಿಸಿ, ಸೌಟಿನಲ್ಲಿ ಅರೆದು ಕೊಟ್ಟ. ಅಕ್ಕ ಎಷ್ಟೋ ದಿನದ ಮೇಲೆ ತಟ್ಟೆ ತೊಳೆದಂತೆ ಉಂಡಳು. ಭಾವ ಮರುದಿನವೂ ಮಾಡಿದ, ಅದರ ಮರುದಿನವೂ.

ಎಷ್ಟು ಅರೆದರೂ ಆ ಕೆಂಪು ಕರಗುವುದಿಲ್ಲ. ಕರಗುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ ಎಂದು ನಾನು ಓದಿ ಬೆರಗಾಗಿದ್ದೆನಲ್ಲ.

ಅಕ್ಕನ ಕರುಳು ಪೂರ್ತಿ ಕಟ್ಟಿಕೊಂಡಿತು. ಆಸ್ಪತ್ರೆಯಲ್ಲಿ ಮೂಗಿನಿಂದ ಕೊಳವೆ ಇಳಿಸಿದರು. ಬಾಯಿಗೆ ಹನಿ ನೀರೂ ಇಲ್ಲ. ಕರುಳು ತಾನಾಗಿ ಬಿಡಿಸಿಕೊಳ್ಳುತ್ತದೆಯೇ ಎಂದು ಕಾಯುವುದು ಒಂದೇ ದಾರಿ, ಇಲ್ಲವಾದರೆ ಆ ದುರ್ಬಲ ಹೃದಯವನ್ನು ನಂಬಿ ಕೊಯ್ಯುವುದು. ಬಿಡಿಸಿಕೊಂಡದ್ದಕ್ಕೆ ಗುರುತು ಏನು? ಗಾಳಿ ಹೋಗುವುದು. ನರ್ಸು ಬಂದಾಗಲೆಲ್ಲ “ಗಾಳಿ ಹೋಯ್ತಾ ಅಮ್ಮಾ?” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೇಳುತ್ತಿದ್ದಳು. ಭಾವನೆದುರು ಜೀವಮಾನದಲ್ಲಿ ಗಟ್ಟಿಯಾಗಿ ತೇಗದ ನನ್ನ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ತಲೆ ಅಲ್ಲಾಡಿಸುವಳು. ನಾವು ಹೊರಗೆ ಬೆಂಚಿನ ಮೇಲೆ ಕೂತು, ಹೇಳಿಕೊಳ್ಳಲಾಗದ ಒಂದು ಸಂಗತಿಗಾಗಿ ಕಂಡ ಕಂಡ ದೇವರಿಗೆ ಹರಕೆ ಹೊತ್ತೆವು. ಕೊನೆಗೊಂದು ಮಧ್ಯಾಹ್ನ ಭಾವ ಕಣ್ಣೀರು ಸುರಿಸುತ್ತ ಹೊರಗೆ ಓಡಿ ಬಂದು “ಹೋಯ್ತು ಮಾರಾಯಾ, ಹೋಯ್ತು!” ಎಂದು ನನ್ನನ್ನು ತಬ್ಬಿಕೊಂಡ. ಪಕ್ಕದಲ್ಲಿ ಕೂತಿದ್ದ ಯಾರೋ ಪುಣ್ಯಾತ್ಮರು ಅವನ ಬೆನ್ನು ಸವರಿ, ಎಲ್ಲರೂ ಒಂದು ದಿನ ಹೋಗುವವರೇ, ಧೈರ್ಯ ತಂದುಕೊಳ್ಳಿ ಎಂದರು.

ಅಕ್ಕ ಮನೆಗೆ ಬಂದಳು, ಆದರೆ ಊಟ ಪೂರಾ ಬಿಟ್ಟ ಹಾಗೇ ಆಯಿತು. ಕೆಂಪಕ್ಕಿಯ ಹತ್ತಿರ ಹೋಗಲು ಭಯ, ಬಿಳಿಯ ಹತ್ತಿರ ಹೋಗಲು ಮನಸ್ಸಿಲ್ಲ. ಭಾವ ಒಲೆಯ ಹತ್ತಿರ ಸುಳಿಯುವುದನ್ನೇ ಬಿಟ್ಟ. ನಾನೇ ಹೆಂಡತಿಯನ್ನು ಕೊಂದುಬಿಡುತ್ತಿದ್ದೆ ಎಂಬ ಮಾತನ್ನು ಅವನ ಬಾಯಿಂದ ಬಿಡಿಸಲು ನಮ್ಮಿಂದ ಆಗಲಿಲ್ಲ. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ಕರುಳು ಕಟ್ಟಿಕೊಳ್ಳುವುದಕ್ಕಿಂತ ಮೊದಲು ಇವರನ್ನು ಹಸಿವೇ ತೆಗೆದುಕೊಂಡು ಹೋಗುತ್ತದೆ, ಹೇಗಾದರೂ ಮಾಡಿ ಉಣ್ಣಿಸಿ. ಹೇಗಾದರೂ ಎಂದರೆ ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕಗ್ಗದ ಕೊಯ್ಲು ಬಂತು. ನಮ್ಮ ಪಾಲಿನ ಗಜನಿಯನ್ನು ಈಗ ಚಿಕ್ಕಪ್ಪನ ಮಗ ದೇವಿದಾಸ ನೋಡಿಕೊಳ್ಳುತ್ತಾನೆ. ಅಕ್ಕಪಕ್ಕದವರು ಹೆಚ್ಚಿನವರು ಗದ್ದೆಯನ್ನು ಸಿಗಡಿ ಸಾಕಲು ಬಿಟ್ಟಿದ್ದಾರೆ, ಅವನೊಬ್ಬ ಇನ್ನೂ ಬಿತ್ತುತ್ತಾನೆ. ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಹೊಸ ಅಕ್ಕಿ ಬಂದ ಕೂಡಲೇ ಕೊಟ್ಟ ಹೆಣ್ಣುಮಗಳ ಮನೆಗೆ ಒಂದು ಚೀಲ ಹೋಗಬೇಕು. ಅದನ್ನು ತಮ್ಮನೇ ಹೊತ್ತುಕೊಂಡು ಹೋಗಬೇಕು. ಅದು ಬರುವ ತನಕ ಅವಳು ಗಂಡನ ಗದ್ದೆಯ ಹೊಸ ಅಕ್ಕಿಯನ್ನೂ ಮುಟ್ಟುವುದಿಲ್ಲ. ಅಕ್ಕನ ಮದುವೆಯಾದಂದಿನಿಂದ ಈ ಚೀಲ ತಪ್ಪಿಲ್ಲ. ಮೊದಲು ಅಪ್ಪ ಕಳಿಸುತ್ತಿದ್ದ, ನಾನು ಹೊರುತ್ತಿದ್ದೆ. ಈಗ ಕಳಿಸುವವನೂ ನಾನೇ, ಹೊರುವವನೂ ನಾನೇ.

“ಈ ವರ್ಷ ಅಕ್ಕಿ ಬ್ಯಾಡ” ಎಂದಳು ಸುಮತಿ. “ತಿನ್ನೂಕೆ ಆಗದ್ದನ್ನ ಕಣ್ಣೆದುರಿಗೆ ಇಟ್ಟು ಬರೂದು ಎಂತಕೆ? ಬಾಳೆಹಣ್ಣು ತಕಂಡು ಹೋಗಿ.”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಚೀಲವಿಲ್ಲದೆ ನಾನು ಮುಟ್ಟಳ್ಳಿಯ ಅಂಗಳ ಹೊಕ್ಕರೆ ಅಕ್ಕ ಅದನ್ನು ಹೇಗೆ ತೆಗೆದುಕೊಳ್ಳುತ್ತಾಳೆ ಎಂದು ನನಗೆ ಗೊತ್ತಿತ್ತು. ಇನ್ನು ತನಗೆ ತವರಿನ ಪಾಲು ಬೇಕಿಲ್ಲ ಎಂದು ತಮ್ಮನೇ ತೀರ್ಮಾನಿಸಿದ ಎಂದುಕೊಳ್ಳುತ್ತಾಳೆ. ಅದನ್ನು ಬಾಯಿಬಿಟ್ಟು ಹೇಳದೆ, ಬಾಳೆಹಣ್ಣು ಒಳಗಿಡು ಎನ್ನುತ್ತಾಳೆ. ಆ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ.

ದೇವಿದಾಸ ಕಟ್ಟಿಟ್ಟ ಅಕ್ಕಿಯ ಚೀಲವನ್ನು ಎತ್ತಿಕೊಂಡು ಕುಮಟೆಯ ಗಿರಣಿಗೆ ಹೋದೆ. ಬಿಳಿ ಮಾಡಿಕೊಡಿ ಎಂದೆ. ಗಿರಣಿಯವರು ಚೀಲದ ಬಾಯಿ ಬಿಚ್ಚಿ ನೋಡಿ, “ಎಂತ, ಕಗ್ಗವಾ? ಕಗ್ಗ ಬಿಳಿ ಮಾಡುದಾ?” ಎಂದರು. “ಬಿಳಿ ಬೇಕಾರೆ ಅಂಗಡಿಲಿ ಸಿಕ್ತದೆ. ಪೇಟೆಯವ್ರು ಇದ್ರ ಕೆಂಪಿಗಾಗೇ ಹುಡ್ಕಂಡು ಬರ್ತಾರೆ, ನೀವು ಅದ್ನ ಕೆರೆಸೂಕೆ ಬಂದ್ರಲ್ಲ.” ಅಕ್ಕನ ವಿಷಯ ಹೇಳಿದೆ. ಅವರು ಚೀಲ ಎತ್ತಿ ಪಾಲಿಶಿಗೆ ಹಾಕಿದರು.

ನಾನು ಹತ್ತಿರ ನಿಂತು ನೋಡಿದೆ. ಮೊದಲ ಸಲ ಬಂದಾಗ ಇಟ್ಟಿಗೆಯ ಬಣ್ಣ. ಮತ್ತೆ ಹಾಕಿದರು, ತಿಳಿ ಗುಲಾಬಿ. ಇನ್ನೂ ಒಮ್ಮೆ ಎಂದೆ. ಕಾಳು ಕಿರಿದಾಗುತ್ತ ಹೋಯಿತು, ಎಷ್ಟೋ ಒಡೆದು ನುಚ್ಚಾದವು, ಕೊನೆಗೆ ಬಿಳಿ ಎನ್ನಬಹುದಾದ ಅಕ್ಕಿ ಬಂತು. ಹೈಸ್ಕೂಲಿನ ದಿನಗಳಲ್ಲಿ ಈ ಅಕ್ಕಿ ಬಿಳಿಯಾಗಬಾರದೇ ಎಂದು ಎಷ್ಟು ಸಲ ಬಯಸಿದ್ದೆನೋ, ಈಗ ಬಿಳಿಯಾದಾಗ ಯಾರೋ ನಮ್ಮ ಮನೆಯವರ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗೆ ಕಂಡಿತು. “ತೌಡು ಬಿಟ್ಟು ಹೋಗ್ತ್ರಾ?” ಎಂದು ಕೇಳಿದರು. ಸಾಮಾನ್ಯವಾಗಿ ಎಲ್ಲರೂ ಬಿಟ್ಟೇ ಹೋಗುವುದು. ನಾನು ಬೇಡ, ಕಟ್ಟಿಕೊಡಿ ಎಂದೆ. ಯಾಕೆ ಬೇಕು ಎಂದು ನನಗೂ ಸ್ಪಷ್ಟವಿರಲಿಲ್ಲ, ಬಿಟ್ಟು ಬರಲು ಮನಸ್ಸಾಗಲಿಲ್ಲ ಅಷ್ಟೆ.

ಎರಡು ಚೀಲ ಹಿಡಿದು ಭಟ್ಕಳದ ಬಸ್ಸು ಹತ್ತಿದೆ. ಹೊನ್ನಾವರ ದಾಟುವಾಗ ಕಿಟಕಿಯಿಂದ ನೋಡಿದೆ, ಶರಾವತಿಯ ಮೇಲೆ ಮೋಡ ಕೂತಿತ್ತು. ಮುಟ್ಟಳ್ಳಿಯ ಮನೆ ತಲುಪಿದಾಗ ಅಕ್ಕ ಜಗಲಿಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಚೀಲ ಕಂಡದ್ದೇ ಅವಳ ಕಣ್ಣು ಅರಳಿತು. ಹತ್ತಿರ ಇಟ್ಟು ಬಾಯಿ ಬಿಚ್ಚಿದೆ. ಒಂದು ಮುಷ್ಟಿ ತೆಗೆದು, ಬೆರಳ ಸಂದಿಯಿಂದ ಮೆಲ್ಲಗೆ ಉದುರಿಸಿದಳು.

“ಎಂತ ಇದು?”

“ಹೊಸಕ್ಕಿ ಅಕ್ಕಾ. ನಮ್ಮ ಗದ್ದೆದು.”

ಅವಳು ನನ್ನ ಮುಖವನ್ನೇ ನೋಡಿದಳು. “ತಮಾ, ನಂಗೆ ಕಣ್ಣು ಕಾಣ್ತದೆ. ನೀನೇ ಕನ್ನಡಕ ಮಾಡಿ ಕೊಟ್ಟದ್ದು.”

“ದೇವ್ರಾಣೆ ಅಕ್ಕಾ, ಕಗ್ಗವೇ. ಗಿರಣಿಲಿ ಬಿಳಿ ಮಾಡ್ಸಿ ತಂದೆ.”

“ಸುಳ್ಳು ಹೇಳ್ಬ್ಯಾಡ. ಸಾಯೂಕೆ ಹೋದವ್ಳಿಗೆ ಅಂಗಡಿ ಅಕ್ಕಿ ತಂದ್ರೂ ಗೊತ್ತಾಗುದಿಲ್ಲ ಅಂದ್ಕಂಡ್ಯಾ? ಅಕ್ಕಿ ತರ್ಲಿಲ್ಲ ಅಂದಿದ್ರೆ ಆಗ್ತಿತ್ತು. ಇದ್ನ ತವರಿನ ಅಕ್ಕಿ ಅಂತ ಕೊಡಬ್ಯಾಡ ನಂಗೆ.” ಹೇಳಿ ಆ ಕಡೆ ತಿರುಗಿ ಕೂತಳು. ಬಾಗಿಲಲ್ಲಿ ನಿಂತಿದ್ದ ಭಾವ ಹೆಗಲ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ.

ಆಗ ಎರಡನೆಯ ಚೀಲ ನೆನಪಾಯಿತು. ಅದನ್ನು ಬಿಚ್ಚಿ ಅವಳ ಮಡಿಲ ಹತ್ತಿರ ಇಟ್ಟೆ. ನುಣ್ಣನೆಯ ಕೆಂಪು ತೌಡು. ಬಾಯಿ ಬಿಚ್ಚಿದ ಕೂಡಲೇ ಕುದಿಸಿದ ಭತ್ತದ, ಗಜನಿಯ ಕೆಸರಿನ ವಾಸನೆ ಜಗಲಿಯ ತುಂಬ ಎದ್ದಿತು. ಅಕ್ಕ ತಿರುಗಿದಳು. ಕೈ ಒಳಗೆ ಹಾಕಿದಳು, ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದಳು.

“ಇದು ಹೌದು” ಎಂದಳು. “ಇದು ನಮ್ಮದೇ.”

“ಅದ್ರಿಂದ್ಲೇ ತೆಗ್ದದ್ದು ಇದ್ನ.”

ಅವಳು ಈ ಚೀಲ ನೋಡಿದಳು, ಆ ಚೀಲ ನೋಡಿದಳು. ಬಿಳಿ ಅಕ್ಕಿಯ ಒಂದು ಕಾಳನ್ನು ಎತ್ತಿ ಬೆಳಕಿಗೆ ಹಿಡಿದು, ಅದರ ಮೈಯ ಸಣ್ಣ ಗೆರೆಯಲ್ಲಿ ಉಳಿದಿದ್ದ ಕೆಂಪನ್ನು ಕಂಡಳು. “ನಂಗೋಸ್ಕರ ಇದ್ರ ಚರ್ಮ ಸುಲಿಸಿ ತಂದ್ಯನಾ ನೀನು” ಎಂದವಳು ಸೆರಗನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು. ಭಾವ ಸದ್ದಿಲ್ಲದೆ ಒಂದು ಪಾವು ಅಕ್ಕಿ ಅಳೆದುಕೊಂಡು ಒಳಗೆ ಹೋದ. ಎಷ್ಟೋ ದಿನದ ಮೇಲೆ ಒಲೆ ಹಚ್ಚುವ ಸದ್ದು ಕೇಳಿಸಿತು.

ಮೆತ್ತಗೆ ಬೆಂದ ಬಿಳಿ ಗಂಜಿ ಬಂತು. ಅಕ್ಕ ಎಡಗೈಯಲ್ಲಿ ತೌಡಿನ ಚೀಲದ ಬಾಯಿ ತೆರೆದು ಹಿಡಿದು, ಅದರ ವಾಸನೆ ಎಳೆದುಕೊಳ್ಳುತ್ತ, ಬಲಗೈಯಲ್ಲಿ ಚಮಚ ಹಿಡಿದು ಉಂಡಳು. ಬಾಯಿಗೆ ಬಿಳಿ, ಮೂಗಿಗೆ ಕೆಂಪು. ಬಟ್ಟಲು ಖಾಲಿಯಾಯಿತು. ರುಚಿ ಹೇಗಿದೆ ಎಂದು ಕೇಳುವ ಮೂರ್ಖತನವನ್ನೂ ನಾನು ಮಾಡಲಿಲ್ಲ.

ಹೊರಡುವಾಗ ತೌಡಿನ ಚೀಲವನ್ನು ಅಲ್ಲಿ ಬಿಡಲು ಹೆದರಿಕೆಯಾಯಿತು. ಒಂದು ಚಿಟಿಕೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅವಳ ದಿಂಬಿನ ಹತ್ತಿರ ಇಟ್ಟು ಉಳಿದದ್ದನ್ನು ಎತ್ತಿಕೊಂಡೆ.

“ಅದ್ನ ಎಂತ ಮಾಡ್ತೆ? ನಿಂಗೆ ದನ ಇಲ್ವಲ್ಲ” ಎಂದಳು.

“ನಾನೇ ತಿಂತೆ. ಡಾಕ್ಟರು ಹೇಳಿದ್ದಲ್ದಾ.”

ಅಕ್ಕನಿಗೆ ನಗು ಬಂತು. ಹೊಟ್ಟೆ ನೋಯುತ್ತದೆ ಎಂದು ಎರಡೂ ಕೈಯಿಂದ ಹಿಡಿದುಕೊಂಡು ನಕ್ಕಳು. “ಹಂಗಾರೆ ಸಮಾ ಜಗಿ” ಎಂದಳು. “ನಂದೂ ಸೇರ್ಸಿ ಜಗಿ.”

ಅವಳ ಕರುಳು ಇನ್ನು ಹಿಗ್ಗುತ್ತದೆ ಎಂದು ಯಾವ ಡಾಕ್ಟರೂ ಹೇಳಿಲ್ಲ. ಸದ್ಯಕ್ಕೆ ದಿನಕ್ಕೊಂದು ಬಟ್ಟಲು ಇಳಿಯುತ್ತಿದೆ ಎಂದು ಭಾವ ಫೋನಿನಲ್ಲಿ ಹೇಳುತ್ತಾನೆ. ಆ ಚೀಲ ತೀರುವ ತನಕದ ಮಾತು ಇದು, ಅದರಾಚೆಗೆ ಯೋಚಿಸಲು ನನಗೆ ಇಷ್ಟವಿಲ್ಲ. ನಾನು ತೌಡನ್ನು ಬಾಣಲೆಯಲ್ಲಿ ಹುರಿದಿಟ್ಟುಕೊಂಡು ದಿನಾ ಬೆಳಿಗ್ಗೆ ಒಂದು ಚಮಚ ತಿನ್ನುತ್ತೇನೆ, ಮೇಲೆ ದೊಡ್ಡ ಲೋಟದಲ್ಲಿ ನೀರು. ರುಚಿ ಎಂದರೆ ಹೊಯಿಗೆ, ಅಂದರೆ ಮರಳು, ತಿಂದ ಹಾಗೆ. ಹೊಟ್ಟೆಯ ಕಾರುಬಾರು ಸುಧಾರಿಸಿದೆ ಎಂದು ಒಪ್ಪಿಕೊಳ್ಳಬೇಕು. ಆದರೆ ಜಗಿಯುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯುತ್ತದೆ. ಒಬ್ಬನ ಪಾಲಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. ಸುಮತಿ ಅಡುಗೆಮನೆಯಿಂದ ಇಣುಕಿ, “ಒಂದು ಚಮಚ ತೌಡು ಇಷ್ಟೊತ್ತು ಜಗಿಯೂದು ಎಂತಕೆ, ಅಂಗಡಿ ತೆಗಿಯೂದಿಲ್ವಾ?” ಎನ್ನುತ್ತಾಳೆ. ಬಾಯಿ ತುಂಬ ತೌಡಿದೆ, ಮಾತಾಡಲು ಆಗುವುದಿಲ್ಲ ಎಂದು ಕೈಸನ್ನೆ ಮಾಡಿ ತೋರಿಸುತ್ತೇನೆ.